ಆರನೆಯ ಸರದಿ

ಮೇ 10, ಶನಿವಾರ

ವರ್ಲಿನ್ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಹೋಗುವುದೂ ಬೇಡ.

ನಮ್ಮ ಫ್ಯಾಂಟಸಿ ಫುಟ್‌ಬಾಲ್ ತಂಡಗಳಿಗೆ ಈ ವರ್ಷದ ಹೊಸಬರನ್ನು ಆರಿಸಲು ಹನ್ನೆರಡೂ ಜನ ಅವನ ಗ್ಯಾರೇಜಿನಲ್ಲಿ ಸೇರಿದ್ದೆವು. ಅಮೆರಿಕನ್ ಫುಟ್‌ಬಾಲಿನ ನಿಜವಾದ ಆಟಗಾರರನ್ನು ಹಂಚಿಕೊಂಡು ಕಾಗದದ ಮೇಲೆ ತಂಡ ಕಟ್ಟುವ ಆಟ ಇದು; ಅವರು ಮೈದಾನದಲ್ಲಿ ಗಳಿಸಿದ್ದೇ ನಮ್ಮ ಅಂಕ. ನಮ್ಮ ಲೀಗಿನಲ್ಲಿ ಒಮ್ಮೆ ಆರಿಸಿದರೆ, ನಾವಾಗಿ ಇನ್ನೊಬ್ಬರಿಗೆ ಬಿಟ್ಟುಕೊಡದಿದ್ದರೆ, ಆಟಗಾರ ನಿವೃತ್ತನಾಗುವವರೆಗೂ ನಮ್ಮವನೇ. ನನ್ನದು ಆರನೆಯ ಸರದಿ, ವರ್ಲಿನ್‌ನದು ಏಳನೆಯದು. ಅವನಿಗೆ ಬೇಕಿದ್ದವನು ಟೇವಿಯನ್ ಒಬ್ಬನೇ. ಶಾಲೆಯಲ್ಲಿ ಆ ಹುಡುಗನಿಗೆ ಚೆಂಡು ಹಿಡಿಯುವುದನ್ನು ಕಲಿಸಿದ ಕೋಚ್ ಇವನೇ.

ನನಗೆ ಬೇಕಿದ್ದದ್ದು ಚೆಂಡು ಹೊತ್ತು ಓಡುವವನು, ಹಿಡಿಯುವವನಲ್ಲ. ಒಳ್ಳೆಯವನೊಬ್ಬ ಉಳಿದೂ ಇದ್ದ. "ಟೇವಿಯನ್" ಎಂದೆ.

"ಲೋ ಆರಿನ್, ತಮಾಷೆ ಮಾಡ್ಬೇಡ ಕಣೋ," ಅಂದ ವರ್ಲಿನ್. "ಚೆಂಡು ಹಿಡಿಯೋರು ನಿನ್ ಹತ್ರ ಆಗ್ಲೇ ಐದು ಜನ ಇದಾರೆ. ನನ್ ತಂಡದಲ್ಲಿ ಯಾರ್ ಬೇಕಾದ್ರೂ ತಗೋ, ಅವನ್ನ ಬಿಟ್ಕೊಡು."

"ಹೋದ್ ವರ್ಷ ಮಂಡಿ ಹೋದ ಆಟಗಾರನನ್ನ ನನ್ ತಲೆಗೆ ಕಟ್ಟಿ ಹೊಟ್ಟೆ ಹಿಡ್ಕೊಂಡು ನಕ್ಕೆಯಲ್ಲ, ನೆನಪಿದ್ಯಾ ಕೋಚಪ್ಪ?"

"ಅವನು ನಂಗೆ ಮಗನ ಥರ ಕಣೋ."

"ಹಾಗಾದ್ರೆ ಟೀವೀಲಿ ನೋಡ್ಕೋ."

ಉಳಿದವರು ನಕ್ಕರು. ವರ್ಲಿನ್ ಹೊರಗೆ ಹೋಗಿ ನಮಗೆಲ್ಲ ಮಾಂಸ ಸುಟ್ಟ. ನಾನು ಎರಡನೇ ಸಲ ಕೇಳಿ ಹಾಕಿಸಿಕೊಂಡೆ.

ಟೇವಿಯನ್‌ನನ್ನು ಒಂದು ವಾರವೂ ಆಡಿಸುವುದಿಲ್ಲ, ನನ್ನ ತಂಡದ ಬೆಂಚಿನಲ್ಲೇ ಕೂರಿಸುತ್ತೇನೆ. ವರ್ಲಿನ್ ಪ್ರತಿ ಭಾನುವಾರ ನನ್ನ ಪಟ್ಟಿ ತೆರೆದು ನೋಡುತ್ತಾನೆ, ನೋಡದೆ ಇರಲಾರ. ಹುಡುಗನಿಗೆ ಇಪ್ಪತ್ತೆರಡು. ವರ್ಲಿನ್‌ಗೆ ಎಪ್ಪತ್ತೊಂದು. ನನಗಂತೂ ಆತುರವಿಲ್ಲ.