ಮುಂಗಡ ಕೊಟ್ಟ ಒಡಪು

ಬೈಲಹೊಂಗಲ

ಕರೆವ್ವ ದೊಡ್ಡವ್ವನಿಗೆ ಶೀತಲ್ ಮಾಡುವ ನಮಸ್ಕಾರ.

ಮದುಮಗಳು ಗಂಡನ ಹೆಸರು ಸೇರಿಸಿ ಹೇಳುವ ಒಡಪನ್ನು ನಾನು ರೊಕ್ಕ ತೆಗೆದುಕೊಂಡು ಬರೆಯುತ್ತೇನೆಂದು ಬೈದೆಯಂತೆ: “ನಾಕ ಸಾಲಿಗೆ ಯಾತರ ರೊಕ್ಕ?” ನಿನ್ನೂರು ಸಿರಸಂಗಿಗೆಲ್ಲ ನೀನು ಪುಕ್ಕಟೆ ಕಟ್ಟಿಕೊಡುವಾಗ, ಒಂದು ಸಾಲಿನ ಚಿಂತೆಯಲ್ಲಿ ಹಂಚಿನ ಮೇಲೆ ರೊಟ್ಟಿ ಸೀದುಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಅದು ದುಡಿಮೆಯೇ, ದೊಡ್ಡವ್ವ.

ಈಗ ನನಗೇ ಒಂದು ಒಡಪು ಬೇಕು. ನೀನೇ ಕಟ್ಟಬೇಕು. ನಾನು ಬೇರೆಯವರಿಂದ ತೆಗೆದುಕೊಳ್ಳುವಷ್ಟೇ, ಐನೂರು ರೂಪಾಯಿ, ಪತ್ರದ ಜೊತೆ ಇಟ್ಟಿದ್ದೇನೆ. ಪುಕ್ಕಟೆ ಮಾತ್ರ ಬೇಡ.

ಹುಡುಗನ ಹೆಸರು ಗೌತಮ. ನಮ್ಮ ಜಾತಿಯವನಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಅಪ್ಪ ನಿನ್ನ ಮಾತು ಮೀರುವುದಿಲ್ಲ.

ಬೇಡವೆನಿಸಿದರೆ ರೊಕ್ಕ ತಿರುಗಿ ಕಳಿಸು. ಇಟ್ಟುಕೊಂಡರೆ, ಅಪ್ಪನೆದುರು ನಾನು ಆ ಒಡಪು ಹೇಳುವ ದಿನ ನೀನು ನನ್ನ ಪಕ್ಕ ಕೂತಿರಬೇಕು.

ನಿನ್ನ ಒಲೆಯ ಮುಂದೆ ಕಲಿತ
ಶೀತಲ್