ಸಾರಿಸದೆ ಬಿಟ್ಟ ಮೂಲೆ

೧೭ ಜುಲೈ ೧೯೮೯, ಬ್ಯಾಡಗಿ

ಪೇಟೆಯ ಮೆಣಸಿನಕಾಯಿ ಘಾಟು. ಸೀನುತ್ತಲೇ ಹಲ್ಲುಜ್ಜಿದೆ. ಅಂಗಳದ ನಂದಿಬಟ್ಟಲ ಗಿಡದ ಎಲೆಗಳು ಅರ್ಧರ್ಧ ಮಾಯ. ಬಗ್ಗಿ ನೋಡಿದರೆ ಬೆರಳು ದಪ್ಪದ ಹಸಿರು ಹುಳ! ಎದೆಯ ಮೇಲೆ ಎರಡು ನೀಲಿ ಕಣ್ಣು. ಕಣ್ಣಲ್ಲ, ಬರೀ ಚುಕ್ಕಿ. ರಾಣೆಬೆನ್ನೂರಲ್ಲಾಗಿದ್ದರೆ ತಂಗಿ ಓಡಿ ಬರುತ್ತಿದ್ದಳು. ಈ ಶಾಲೆಗೆ ಟೀಚರಾಗಿ ಬಂದು ಮೂರು ತಿಂಗಳು, ಹುಳದ ಮಾತಿಗೆ ಒಬ್ಬರೂ ಇಲ್ಲ. ಮನೆ ಮಾಲಕಿ ಗುಡ್ಡವ್ವ ನನ್ನೊಡನೆ ಆಡುವ ಮಾತು ಒಂದೇ — "ಬಕೆಟ್ ಸರಸ್ರಿ." ವರ್ಗಕ್ಕೆ ಅರ್ಜಿ ಹಾಕಿಬಿಡಬೇಕು.

೧೮ ಜುಲೈ

ಪೂಜೆಗೆ ಹೂ ಹರಿಯಲು ಬಂದ ಗುಡ್ಡವ್ವ ಹುಳ ನೋಡಿಬಿಟ್ಟಳು.

"ಅಕ್ಕೋರ, ಹಾವಿನ ಮರಿ ಹಂಗ ನೋಡತೈತಿ. ಖಾರದ ನೀರು ಹೊಡೀತೇನಿ."

"ಬ್ಯಾಡ್ರಿ. ದೊಡ್ಡ ಪತಂಗ ಆಗತೈತಿ."

"ನನಗ ದೇವರಿಗೆ ಹೂವು ಬೇಕು."

"ಅದು ತಿನ್ನೂದು ಎಲಿ. ಹೂವು ನಿಮಗ ಬಿಟ್ಟೈತಿ."

ತುಟಿಯಂಚಲ್ಲಿ ನಗು ಬಂತೋ ಏನೋ. "ಪಂಚಮಿ ಮಟ ನೋಡ್ತೇನಿ. ಆಮ್ಯಾಲ ಕೇಳಂಗಿಲ್ಲ," ಎಂದು ಹೋದಳು.

೨೧ ಜುಲೈ

ನನಗಿಂತ ಮೊದಲೇ ಗುಡ್ಡವ್ವ ಗಿಡದ ಹತ್ತಿರ ನಿಂತಿದ್ದಾಳೆ! ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿದಳು. "ಇದಕ್ಕ ನೀರು ಬ್ಯಾಡೇನ್ರಿ?" ಮೂರು ತಿಂಗಳಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಖುಷಿಗೆ ಶಾಲೆಯಲ್ಲಿ ಯಾರನ್ನೂ ಬೈಯಲಿಲ್ಲ.

೨೫ ಜುಲೈ, ಸಂಜೆ

ಹುಳ ಇಲ್ಲ. ಗಿಡದ ಬುಡದಲ್ಲಿ ಕೆಂಪಗೆ ಖಾರದ ಪುಡಿ. ಮೈ ಉರಿದುಹೋಯಿತು.

"ಕೊಂದ್ರಿ ಹೌದಿಲ್ಲೋ? ನಿಮ್ಮಂಥವ್ರಿಗೆ ತೋರಿಸಿದ್ದ ನನ್ನ ತಪ್ಪು."

ಗುಡ್ಡವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೋಗಲಿ. ನನಗೇನು.

೪ ಆಗಸ್ಟ್

ಇಷ್ಟು ದಿನ ಮಾತಿಲ್ಲ. ಬರೆಯಲೂ ಮನಸ್ಸಿರಲಿಲ್ಲ.

ನಾಗರ ಪಂಚಮಿಗೆ ಇನ್ನೆರಡೇ ದಿನ. ಗುಡ್ಡವ್ವ ಸೆಗಣಿ ಹಾಕಿ ಅಂಗಳವೆಲ್ಲ ಸಾರಿಸಿದ್ದಾಳೆ. ಒಂದು ತರಗೆಲೆ ಬಿದ್ದರೂ ಸಹಿಸದ ಹೆಂಗಸು, ನಂದಿಬಟ್ಟಲ ಬುಡದಲ್ಲಿ ಮೊರದಷ್ಟು ಜಾಗ ಹಾಗೇ ಬಿಟ್ಟಿದ್ದಾಳೆ — ಒಣ ಎಲೆ ಸಮೇತ. ಸುತ್ತ ಹೊಸದಾಗಿ ಖಾರದ ಪುಡಿ. ಕೇಳಿಯೇಬಿಟ್ಟೆ.

"ಅವತ್ತ ಅದರ ಬಣ್ಣ ಕಂದಾತು. ಕೆಳಗಿಳದು ಎಲಿ ಹೊಚ್ಕೊಂಡು ಮಲಗೇತಿ. ಇರುವಿ ಮುಟ್ಟಬಾರದಂತ ಖಾರ ಹಾಕೇನಿ."

"ಯಾಕ ಹೇಳಲಿಲ್ರಿ?"

"ನೀವು ಕೇಳಿದ್ರೇನು? ಬೈದ್ರಿ."

ನಾಲಿಗೆಗೆ ಎಲುಬಿಲ್ಲ, ನನ್ನದಕ್ಕಂತೂ ಮೊದಲೇ ಇಲ್ಲ. ಕಣ್ಣು ತುಂಬಿತು. "ತಪ್ಪಾತ್ರಿ ಗುಡ್ಡವ್ವಾ," ಅಂದೆ. ಒಳಗೆ ಹೋಗಿ ಶೇಂಗಾ ಉಂಡಿ ತಂದು ಕೈಗಿಟ್ಟಳು. "ಮೊದಲ ತಿನ್ರಿ."

೭ ಆಗಸ್ಟ್

ಹಿಂದಿನ ಓಣಿಯ ರಮಜಾನಬಿ ಬಂದಿದ್ದರು. ಕಡ್ಡಿಪೆಟ್ಟಿಗೆಯಲ್ಲಿ ಹೊಳೆಯುವ ಹಸಿರು ದುಂಬಿ. "ಗುಡ್ಡವ್ವ ಹೇಳಿದ್ಲು, ನಮ್ಮ ಅಕ್ಕೋರು ಹುಳ ನೋಡ್ತಾರಂತ." ನಮ್ಮ ಅಕ್ಕೋರು! ಮೂವರೂ ನೋಡಿ ಬಿಟ್ಟುಬಿಟ್ಟೆವು. ಚಹಾ ಆಯಿತು.

೯ ಆಗಸ್ಟ್, ಬೆಳಗ್ಗೆ ೬

ತಂಗಿಗೆ ಕಾಗದ ಬರೆಯಬೇಕು — ಈ ವರ್ಷ ವರ್ಗ ಕೇಳುವುದಿಲ್ಲ. ಯಾಕೆ ಅಂತ ಕೇಳಿದರೆ ಏನು ಹೇಳಲಿ? ಒಂದು ಹುಳ...

ಬಾಗಿಲು ಬಡಿಯುತ್ತಿದ್ದಾಳೆ ಗುಡ್ಡವ್ವ. "ಅಕ್ಕೋರ, ಲಗೂ ಬರ್ರಿ. ಹೊರಗ ಬಂದೈತಿ. ರೆಕ್ಕಿ ಇನ್ನೂ ಮುದುಡಿ ಅದಾವ. ಒಬ್ಬಾಕಿನ ನೋಡಾಕ ಮನಸ್ಸಾಗವಲ್ದು, ಅದಕ್ಕ ಬೆನ್ನು ತಿರುವಿ ನಿಂತೇನಿ—"

ಬಂದೆ ಗುಡ್ಡವ್ವಾ, ಬಂ