ಎದುರಿಗೆ ಕೂತು ಕಲಿತದ್ದು

ರಾಣೇಬೆನ್ನೂರು
೧೬-೨-೨೦೨೫, ರವಿವಾರ

ಚಿ. ಶ್ವೇತಾಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನೀನು ಬೆಳಗಾವಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದು ನಂಬಿಕೊಂಡಿದ್ದೇನೆ. ನಂಬಿಕೊಂಡಿದ್ದೇನೆ ಅಷ್ಟೇ, ಯಾಕೆಂದರೆ ಫೋನಿನಲ್ಲಿ "ಹೂಂ, ಉಂಡೇನಿ" ಎಂಬ ಒಂದೇ ಮಾತು ಬರುತ್ತದೆ, ಅದೂ ನಾನು ಕೇಳುವ ಮೊದಲೇ. ಅದಕ್ಕೇ ಈ ಕಾಗದ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ, "ಆಮ್ಯಾಲೆ ಮಾಡ್ತೇನವ್ವ" ಎಂದು ಇಟ್ಟುಬಿಡಲೂ ಬರುವುದಿಲ್ಲ. ಸಂಕ್ರಮಣಕ್ಕೇ ಬರೆಯಬೇಕೆಂದಿದ್ದೆ, ತಡವಾಯಿತು, ಬೇಜಾರಾಗಬೇಡ. ಯಾಕೆ ತಡವಾಯಿತು ಎನ್ನುವುದೇ ಈ ಕಾಗದದ ಮುಖ್ಯ ಸುದ್ದಿ.

ಮೇಲೆ ಬರೀ "ಚಿ." ಎಂದು ಬರೆದದ್ದನ್ನು ನೀನು ನೋಡಿರುತ್ತೀ. ಮದುವೆಯಾದ ಮೇಲೆ ನಿನಗೆ ಬರೆದದ್ದರಲ್ಲೆಲ್ಲ "ಚಿ. ಸೌ." ಎಂದೇ ಹಾಕುತ್ತಿದ್ದೆ. ಇವತ್ತು "ಸೌ." ಬರೆಯಲು ಹೋಗಿ ಪೆನ್ನು ಎತ್ತಿದೆ. ಆಮೇಲೆ ಅನ್ನಿಸಿತು, ಆ "ಸೌ." ಬ್ಯಾಡಗಿಯವರ ಮನೆಯಿಂದ ಬಂದದ್ದು, ಅಲ್ಲಿಯೇ ಉಳಿಯಲಿ. "ಚಿ." ನೀನು ಹುಟ್ಟಿದಾಗ ನಾವು ಕೊಟ್ಟದ್ದು, ಅದನ್ನು ಯಾರೂ ತೆಗೆಯಲಾರರು. ವಕೀಲರ ಕಡೆಯ ಸುದ್ದಿಯನ್ನು ನಿಮ್ಮ ಅಪ್ಪಾಜಿ ಫೋನಿನಲ್ಲಿ ಹೇಳುತ್ತಾರೆ. ನಾನು ಅದನ್ನು ಇಲ್ಲಿ ತರುವುದಿಲ್ಲ.

ಈಗ ಹೇಳುತ್ತೇನೆ, ಸಿಟ್ಟಾಗಬೇಡ. ಶ್ರಾವಣದಲ್ಲಿ ನೀನು ಬ್ಯಾಡಗಿಯ ಮನೆ ಬಿಟ್ಟು ಒಂದು ಬ್ಯಾಗು ಹಿಡಿದು ಬಂದೆಯಲ್ಲ, ಬೆಳಗಾವಿಯ ಬ್ಯಾಂಕಿನ ಕೆಲಸಕ್ಕೆ ಹೊರಡುವ ಮುಂಚೆ ಟ್ರಂಕಿನಿಂದ ನಿನ್ನ ಕರಾಟೆ ಡ್ರೆಸ್ಸು, ಬೆಲ್ಟುಗಳನ್ನೆಲ್ಲ ತೆಗೆದು ನೆಲದ ಮೇಲೆ ಹಾಕಿದೆ. "ಇವನ್ನ ಯಾರಿಗರೆ ಕೊಟ್ಟುಬಿಡವ್ವ, ನನ್ನ ಕಣ್ಣಿಗೆ ಬೀಳಬಾರದು" ಅಂದೆ. ನಾನು ಕೊಟ್ಟಿದ್ದೇನೆ. ನನಗೇ ಕೊಟ್ಟುಕೊಂಡಿದ್ದೇನೆ. ದಸರೆ ಮುಗಿದ ಮೇಲಿಂದ ನಾನು ಕರಾಟೆ ಕ್ಲಾಸಿಗೆ ಹೋಗುತ್ತಿದ್ದೇನೆ.

ನಗು ಬಂದರೆ ನಕ್ಕುಬಿಡು, ನಾನು ಇಲ್ಲಿ ಕೂತು ಬಯಸುವುದೂ ಅದನ್ನೇ. ಆದದ್ದು ಹೀಗೆ. ಸಕ್ಕರೆ ಜಾಸ್ತಿಯಾಗಿದೆ ಎಂದು ಡಾಕ್ಟರು ದಿನಾ ನಡೆಯಲು ಹೇಳಿದರು. ಸಂಜೆ ನಡೆಯಲು ಹೊರಟರೆ ಸಿಕ್ಕವರೆಲ್ಲ ನಿನ್ನ ವಿಚಾರ ಕೇಳುವವರೇ. ಒಂದು ದಿನ ಅವರಿಂದ ತಪ್ಪಿಸಿಕೊಳ್ಳಲು ಕಲ್ಯಾಣ ಮಂಟಪದ ಓಣಿಗೆ ಹೊಕ್ಕೆ. ನೀನು ಕಲಿತ ಅದೇ ಊಟದ ಹಾಲಿನಲ್ಲಿ ಕ್ಲಾಸು ನಡೆದಿತ್ತು. ಈಗ ಅಲ್ಲಿ ಕಲಿಸುವವಳು ನಿನ್ನ ಜೊತೆ ಕಲಿತ ಹೀನಾ. ಅವಳ ತಾಯಿ ಜೈತೂನಬಿ ಇವತ್ತಿಗೂ ಬಂದು ಮೆಟ್ಟಿಲ ಮೇಲೆ ಕೂಡುತ್ತಾಳೆ, ನಾವಿಬ್ಬರೂ ಬೆಳ್ಳುಳ್ಳಿ ಸುಲಿಯುತ್ತ ನಿಮ್ಮಿಬ್ಬರಿಗಾಗಿ ವರ್ಷಗಟ್ಟಲೆ ಕಾದ ಅದೇ ಮೆಟ್ಟಿಲು. "ಬರ್ರಿ ನಿರ್ಮಲಕ್ಕ, ನಿಮ್ಮ ಜಾಗಾ ಹಂಗ ಐತಿ ನೋಡ್ರಿ" ಎಂದಳು.

ಕೂತೆ. ಸ್ವಲ್ಪ ಹೊತ್ತಿಗೆ ಸೆರಗಿನೊಳಗೆ ನನ್ನ ಕೈ ತಾನೇ ಆಡತೊಡಗಿತು. ಮಕ್ಕಳು ಮಾಡುವ ಮೊದಲೇ ಮುಂದಿನದು ಏನೆಂದು ಅದಕ್ಕೆ ಗೊತ್ತಿತ್ತು. ಹೀನಾ ಒಳಗಿನಿಂದ ಅದನ್ನು ನೋಡಿ ಬಾಗಿಲಿಗೆ ಬಂದಳು. "ಆಂಟಿ, ಕುಂತು ಮಾಡೋದು ಸಾಕ್ರಿ. ಒಳಗ ಬಂದು ನಿಂತು ಮಾಡ್ರಿ" ಅಂದಳು. ಆ ಹುಡುಗಿಯ ದನಿಯಲ್ಲಿ ಏನಿತ್ತೋ, ಎದ್ದು ಒಳಗೆ ಹೋಗಿಬಿಟ್ಟೆ. ಈಗ ಕ್ಲಾಸಿನಲ್ಲಿ ಅವಳನ್ನು ಮೇಡಂ ಎನ್ನಬೇಕು, ಬಗ್ಗಿ ನಮಸ್ಕಾರ ಮಾಡಬೇಕು. ನಾನು ಮರೆತು "ಏ ಹೀನಾವ್ವ, ಸ್ವಲ್ಪ ನೀರು ಕೊಡ" ಎಂದು ಕೂಗಿ ಮಕ್ಕಳ ಮುಂದೆ ಅವಳ ಮರ್ಯಾದೆ ಕಳೆಯುತ್ತಿರುತ್ತೇನೆ.

ನಿನ್ನ ಡ್ರೆಸ್ಸು ನನಗೆ ಸೊಂಟದಲ್ಲಿ ಬಿಗಿ, ಉದ್ದ ಸರಿಯಾಗಿದೆ. ಬೆಲ್ಟು ಮಾತ್ರ ಬಿಳಿಯದೇ ಕಟ್ಟಿಕೊಂಡಿದ್ದೇನೆ. ನಿನ್ನ ಕಂದು ಬೆಲ್ಟನ್ನು ಕೈಯಿಂದ ಒರೆಸಿ ಟ್ರಂಕಿನಲ್ಲಿಯೇ ಇಟ್ಟಿದ್ದೇನೆ, ಅದನ್ನು ಒಗೆಯಬಾರದು ಎಂದು ನೀನು ಸಣ್ಣವಳಿದ್ದಾಗ ಬಯ್ದದ್ದು ನೆನಪಿದೆ. ಡ್ರೆಸ್ಸು ಒಗೆದು, ನಿಮ್ಮ ಅಪ್ಪಾಜಿಯ ಧೋತರದ ಜೊತೆಗೇ ಗಂಜಿ ಹಾಕಿ ಇಸ್ತ್ರಿ ಮಾಡಿದೆ. ಅದರಿಂದ ಒಂದು ತಮಾಷೆ ಆಯಿತು. ಗಾಳಿಯಲ್ಲಿ ಗುದ್ದಿದರೆ ಸಾಕು, ತೋಳು ಫಟ್ ಎಂದು ಸಪ್ಪಳ ಮಾಡುತ್ತದೆ, ಕೈಯಲ್ಲಿ ಭಾರಿ ಜೋರು ಇದ್ದ ಹಾಗೆ. ಮಕ್ಕಳು ಬೆರಗಾದರು. ಮರುವಾರ ಅವರ ತಾಯಂದಿರು ಮೆಟ್ಟಿಲ ಹತ್ತಿರ ಬಂದು ಗಂಜಿ ಎಷ್ಟು ಗಟ್ಟಿ ಮಾಡಬೇಕು ಎಂದು ಕೇಳಿದರು. ಈಗ ಇಡೀ ಕ್ಲಾಸು ಫಟ್ ಫಟ್ ಎನ್ನುತ್ತಿದೆ.

ಮೈಗೆ ಒಳ್ಳೆಯದಾಗಿದೆ. ಮೊದಲು ಮಂಡಿ ಹಿಡಿದುಕೊಂಡು "ಯಪ್ಪಾ" ಎಂದು ಏಳುತ್ತಿದ್ದವಳು ಈಗ ಸುಮ್ಮನೆ ಏಳುತ್ತೇನೆ. ಸಕ್ಕರೆ ಇಳಿದಿದೆ. ಬೀಜದಂಗಡಿಯಿಂದ ಬಂದ ನಿಮ್ಮ ಅಪ್ಪಾಜಿ, ನಾನು ಅಡುಗೆ ಮನೆಯಲ್ಲಿ ಕರಾಟೆಯವರ ಹಾಗೆ ಒಂದು ಕಾಲು ಮುಂದಿಟ್ಟು ಕುಕ್ಕರ್ ಕೂಗಲು ಕಾಯುವುದನ್ನು ನೋಡಿ, "ಇನ್ನ ಮ್ಯಾಲೆ ನಿಮ್ಮ ಜೋಡಿ ಹುಷಾರಿಂದ ಇರಬೇಕ್ರಿ ಬಾಯಾರ, ಎಲ್ಲೆರೆ ನನಗ..." ಎಂದು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿ, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಮ್ಮ ಮನೆಯಲ್ಲಿ ಈಗ ಕೆಲವು ತಮಾಷೆಗಳು ಅರ್ಧಕ್ಕೇ ನಿಲ್ಲುತ್ತವೆ.

ನನಗೆ ಒಂದೇ ತೊಂದರೆ. ಒಬ್ಬರೇ ನಿಂತು ಗಾಳಿಯ ಜೊತೆ ಹೊಡೆದಾಡುವುದಿದೆಯಲ್ಲ, ನಾನು ಅದನ್ನು ಕುಣಿತ ಎಂದರೆ ನೀನು ಮೂಗು ಉಬ್ಬಿಸಿ "ಕುಣಿತ ಅಲ್ಲವ್ವ, ಕಟಾ" ಎನ್ನುತ್ತಿದ್ದೆ. ಆ ಕಟಾ ನನಗೆ ಮೊದಲ ದಿನವೇ ಪೂರಾ ಬಂತು. ಹೀನಾ "ಶುರು" ಎಂದಳು. ಮಕ್ಕಳೆಲ್ಲ ಎಡಕ್ಕೆ ತಿರುಗಿದರು. ನಾನು ಬಲಕ್ಕೆ ತಿರುಗಿ ಪಕ್ಕದ ಹುಡುಗಿಯ ಮೂಗಿಗೆ ಮೂಗು ಹಚ್ಚಿ ನಿಂತೆ. ಅವರು ಎಡಗೈಯಿಂದ ತಡೆದರೆ ನಾನು ಬಲಗೈಯಿಂದ. ಕೊನೆಯತನಕ ಹಾಗೇ. ಹೀನಾಳಿಗೂ ಮೊದಲು ತಿಳಿಯಲಿಲ್ಲ. ಮೆಟ್ಟಿಲ ಮೇಲಿದ್ದ ಜೈತೂನಬಿಗೆ ತಿಳಿಯಿತು. "ಆಕಿ ಇಲ್ಲಿ ಕುಂತು ಕಲ್ತಾಳ ಬೇಟಿ. ಶ್ವೇತಾ ಅಲ್ಲಿ ಮಾರಿ ಈ ಕಡಿ ಮಾಡಿ ನಿಂದರತಿದ್ಲು. ಎದುರಿಗಿದ್ದಾಕಿ ಮಾಡಿದಂಗ ಮಾಡಿದ್ರ ಉಲ್ಟಾ ಆಗದ ಏನಾಗ್ತೈತಿ?" ಎಂದಳು.

ನಿಜ. ಅಷ್ಟು ವರ್ಷ ನಿನ್ನ ಎದುರಿಗೆ ಕೂತು ನೋಡಿದವಳು ನಾನು. ನಿನ್ನ ಎಡ ನನ್ನ ಬಲಕ್ಕಿತ್ತು, ಕೈ ಹಾಗೆಯೇ ಕಲಿತುಬಿಟ್ಟಿತು. ರೊಟ್ಟಿ ಬಡಿಯುವ ಕೈಯನ್ನು ತಿದ್ದುವುದು ಸುಲಭವಲ್ಲ. ಹೀನಾ ಬೇಸರ ಮಾಡಿಕೊಳ್ಳದೆ ತಿಂಗಳುಗಟ್ಟಲೆ ತಿದ್ದಿದಳು. ಪಕ್ಕದ ಮಕ್ಕಳನ್ನು ಓರೆಗಣ್ಣಿನಿಂದ ನೋಡುತ್ತ ಸರಿಯಾಗಿ ಮಾಡಲೂ ಕಲಿತೆ. ಹೋದ ರವಿವಾರ ಹಾವೇರಿಯಲ್ಲಿ ಹಳದಿ ಬೆಲ್ಟಿನ ಪರೀಕ್ಷೆ ಇತ್ತು. ಆ ಬೆಲ್ಟು ಕಟ್ಟಿಕೊಂಡ ಫೋಟೋದ ಜೊತೆಗೇ ನಿನಗೆ ಕಾಗದ ಹಾಕಬೇಕೆಂದು ಕಾದೆ. ತಡವಾದದ್ದು ಅದಕ್ಕೆ.

ಬಸ್ಸಿನಲ್ಲಿ ಹೋದೆವು, ನಾನು, ಹೀನಾ, ಜೈತೂನಬಿ ಮತ್ತು ಮಕ್ಕಳು. ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ದಾರಿ ಕೂಡುವಲ್ಲಿ ಬಸ್ಸು ನಿಂತಿತು. ಈಗ ಸುಗ್ಗಿ, ಪೇಟೆ ತುಂಬ ಮೆಣಸಿನಕಾಯಿ. ಹತ್ತಿದವರ ಅರಿವೆಯಿಂದ ಘಾಟು ಬಸ್ಸೆಲ್ಲ ತುಂಬಿ ಮಕ್ಕಳು ಸೀನತೊಡಗಿದರು. ನಿನ್ನ ಮದುವೆ ಗೊತ್ತಾದ ವರ್ಷ ಇದೇ ಘಾಟು ಮೂಗಿಗೆ ಬಿದ್ದರೆ ನನಗೆ ಹೆಮ್ಮೆ ಆಗುತ್ತಿತ್ತು. ಈಗ ಕಿಟಕಿಯ ಕಡೆ ಮುಖ ಮಾಡಿದೆ. ಜೈತೂನಬಿ ನನ್ನ ಕೈ ಹಿಡಿದು ಹಾವೇರಿ ಬರುವತನಕ ಬಿಡಲಿಲ್ಲ.

ಪರೀಕ್ಷೆ ಮಾಡಲು ಬಂದವರು ಶಂಭುಲಿಂಗ ಸರ್, ನಿನ್ನ ಕಂದು ಬೆಲ್ಟಿನ ಪರೀಕ್ಷೆ ಮಾಡಿದವರೇ, ಈಗ ತಲೆ ಪೂರಾ ಬೆಳ್ಳಗಾಗಿದೆ. ಅಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಪಕ್ಕದಲ್ಲಿ ಓರೆಗಣ್ಣಿನಿಂದ ನೋಡಲು ಯಾರೂ ಇಲ್ಲ. ಎದುರಿಗೆ ಬರೀ ಸುಣ್ಣದ ಗೋಡೆ. ಏನು ಮಾಡಬೇಕು ತಿಳಿಯದೆ ಗೋಡೆ ನೋಡಿದೆ. ಅಲ್ಲಿ ನೀನು ನಿಂತಿದ್ದೆ ಶ್ವೇತಾ, ಎರಡು ಜಡೆ ಹಾಕಿಕೊಂಡ ನೀನು. ನೀನು ಶುರು ಮಾಡಿದೆ, ನಾನೂ ಶುರು ಮಾಡಿದೆ. ಎಲ್ಲಿಯೂ ತಡವರಿಸಲಿಲ್ಲ. ಕೂಗಬೇಕಾದಲ್ಲಿ ಹಾಲೆಲ್ಲ ಗುಂಯ್ ಎನ್ನುವ ಹಾಗೆ ಕೂಗಿದೆ. ಮುಗಿಸಿ ತಲೆ ಬಗ್ಗಿಸಿದಾಗ ಹೀನಾ ಹಣೆ ಹಿಡಿದುಕೊಂಡಿದ್ದಳು. ಮೊದಲಿಂದ ಕೊನೆಯತನಕ ಉಲ್ಟಾ ಮಾಡಿದ್ದೆ.

ಶಂಭುಲಿಂಗ ಸರ್ ಚಾಳೀಸು ತೆಗೆದು ಒರೆಸಿಕೊಂಡರು. "ತಾಯಿ, ಒಂದು ಹೆಜ್ಜಿನೂ ತಪ್ಪಿಲ್ಲ ನಿಮ್ದು. ಆದ್ರ ಎಡಕಿಂದು ಬಲಕ್ಕ ಮಾಡೀರಿ, ಬಲಕಿಂದು ಎಡಕ್ಕ. ಎಲ್ಲಿ ಕಲ್ತ್ರಿ?"

"ಮಗಳು ಕಲಿಯೋಮುಂದ ಎದುರಿಗೆ ಕುಂತು ಕಲ್ತೇನ್ರಿ ಸರ್."

ಅವರು ಚಾಳೀಸು ಕಣ್ಣಿಗೆ ಏರಿಸಿ ನನ್ನನ್ನು ನೋಡಿದರು. "ರಾಣೇಬೆನ್ನೂರ ಶ್ವೇತಾ ಅಲ್ಲೇನ್ರಿ? ತಿರುಗೋಮುಂದ ಕಾಲಿಗಿಂತ ಮೊದಲ ತಲಿ ತಿರುಗಸ್ತಿದ್ಲು, ಹೇಳಿ ಹೇಳಿ ಸಾಕಾಗಿತ್ತು. ನೀವೂ ಹಂಗ ತಿರುಗಿಸಿದ್ರಿ. ಆಕಿನ್ನ ನೋಡಿದಂಗಾತು. ಎಲ್ಲಿ ಅದಾಳೀಗ?"

"ಬೆಳಗಾವ್ಯಾಗ ಅದಾಳ್ರಿ. ನೌಕರಿ ಮಾಡ್ತಾಳ."

"ಕರಾಟೆ ಬಿಟ್ಟಾಳೇನು?"

ನಾನು ಬೆಲ್ಟಿನ ಗಂಟು ಬಿಗಿ ಮಾಡಿಕೊಂಡೆ. "ಬೆಲ್ಟ್ ಕೊಡಾಕ ಬರಂಗಿಲ್ರಿ ತಾಯಿ. ಯುಗಾದಿ ಆದ ಮ್ಯಾಲೆ ಮತ್ತ ಬರ್ರಿ. ಎಡ ಬಲ ಸರಿ ಮಾಡಿಕೊಂಡು ಬರ್ರಿ" ಎಂದು ಎದ್ದುನಿಂತು ನನಗೆ ಬಗ್ಗಿ ನಮಸ್ಕಾರ ಮಾಡಿದರು.

ಹೀಗೆ ನಾನು ನಾಪಾಸಾಗಿ ಬಂದೆ. ನಿಮ್ಮ ಅಪ್ಪಾಜಿ ಪೇಢೆ ತಂದು ಇಟ್ಟುಕೊಂಡಿದ್ದರು, ನಾಪಾಸಾದರೂ ತಿಂದೆವು.

ಈಗ ನನ್ನ ಕೋರಿಕೆ. ಯುಗಾದಿಗೆ ನೀನು ಬರಬೇಕು. ಯಾರ ಮನೆಗೂ ಹೋಗುವುದು ಬೇಡ, ಯಾರಿಗೂ ಉತ್ತರ ಕೊಡುವುದು ಬೇಡ. ಸಂಜೆ ಆ ಹಾಲಿಗೆ ಒಂದಿಷ್ಟು ಹೊತ್ತು ಬಾ. ನನಗೆ ಕಟಾ ಬರುವುದು ನೀನು ಕಣ್ಣ ಮುಂದೆ ಇದ್ದರೆ ಮಾತ್ರ, ಹೀನಾ ಎಷ್ಟು ಹೇಳಿದರೂ ಅಷ್ಟೇ. ಆದರೆ ಈ ಸಲ ನನ್ನ ಕಡೆ ಮುಖ ಮಾಡಬೇಡ. ನನಗೆ ಬೆನ್ನು ಮಾಡಿ ಮುಂದೆ ನಿಲ್ಲು, ನಾನು ನಿನ್ನ ಹಿಂದೆ ನಿಲ್ಲುತ್ತೇನೆ. ಆಗ ನಿನ್ನ ಎಡವೇ ನನ್ನ ಎಡವಾಗುತ್ತದೆ. ನಿನ್ನ ಡ್ರೆಸ್ಸನ್ನು ನಿನಗೇ ಬಿಟ್ಟುಕೊಡುತ್ತೇನೆ, ನನಗೆ ಜೈತೂನಬಿ ಹೊಸದೊಂದು ಹೊಲಿಯುತ್ತಿದ್ದಾಳೆ, ಸೊಂಟ ಸಡಿಲ ಬಿಟ್ಟು.

ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾಡಿಟ್ಟಿದ್ದೇನೆ, ಬಂದಾಗ ಒಯ್ಯುವಿಯಂತೆ. ತಲೆಗೆ ಎಣ್ಣೆ ಹಚ್ಚಿಕೋ. ಅಪ್ಪಾಜಿ ಆಶೀರ್ವಾದ ತಿಳಿಸಿದ್ದಾರೆ. ದೇವರು ನಿನ್ನನ್ನು ಸುಖವಾಗಿ ಇಡಲಿ, ನಿನ್ನ ನಿದ್ದೆ ನಿನಗೆ ತಿರುಗಿ ಕೊಡಲಿ.

ನಿನ್ನ ಅವ್ವ,
ನಿರ್ಮಲಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಾನು ಕ್ಲಾಸಿಗೆ ಸೇರಿದ್ದು ಸಕ್ಕರೆಗಲ್ಲ. ಶ್ರಾವಣದಲ್ಲಿ ನೀನು ಬಂದಾಗ ನಿನ್ನ ಸೋದರತ್ತೆ ನಡುಮನೆಯಲ್ಲಿ ಕೂತು, "ಅಷ್ಟು ವರ್ಷ ಕರಾಟೆ ಕಲ್ತಾಕಿ, ಅಂವ ಹೊಡಿಯಾಕ ಬಂದಾಗ ಒಂದರೆ ತಿರುಗಿ ಕೊಡಬಾರದಿತ್ತ?" ಎಂದರು. ನೀನು ಅಲ್ಲಿಂದ ಎದ್ದೆ. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಬಂದು ನನ್ನನ್ನು ಕೇಳಿದೆ, "ಅವ್ವಾ, ನನಗ ಎಲ್ಲಾ ಬರ್ತಿತ್ತು. ನನ್ನ ಕೈ ಯಾಕ ಏಳಲಿಲ್ಲ?" ಅದಕ್ಕೆ ಉತ್ತರ ಹುಡುಕಿಕೊಂಡೇ ಆ ಹಾಲಿನೊಳಗೆ ಹೋದೆ.

ಸಂಕ್ರಮಣ ಆದ ಮೇಲೆ ಒಂದು ಮುಂಜಾನೆ ನಿಮ್ಮ ಅಪ್ಪಾಜಿಯನ್ನು ಹಿತ್ತಲಿಗೆ ಕರೆದು, "ಹೊಡಿಯೋರಂಗ ಕೈ ಎತ್ತಿ ಬರ್ರಿ, ತಡಿಯೋದು ರೂಢಿ ಆಗಬೇಕು" ಎಂದೆ. ಒಲ್ಲೆ ಎಂದರು. ಬಹಳ ಒತ್ತಾಯ ಮಾಡಿದ ಮೇಲೆ ಕೈ ಎತ್ತಿ ಬಂದರು. ಕ್ಲಾಸಿನಲ್ಲಿ ಯಾರು ಗುದ್ದಲು ಬಂದರೂ ನನ್ನ ಕೈ ತಾನೇ ಏಳುತ್ತದೆ. ಅಂದು ಏಳಲಿಲ್ಲ. ಎರಡೂ ಕೈ ಇಳಿಬಿಟ್ಟು ಅವರ ಮುಖ ನೋಡುತ್ತ ನಿಂತೆ. ಅಂಜಿಕೆ ಅಲ್ಲ ಶ್ವೇತಾ. ನಾನು ರೊಟ್ಟಿ ತಂದರೆ ತಾಟು ಮುಂದೆ ಮಾಡುವ ಕೈ ಅದು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ ಕೈ. ಅದನ್ನು ತಡೆಯಬೇಕೆಂದು ನನ್ನ ಕೈಗೆ ಯಾರೂ ಕಲಿಸಿರಲಿಲ್ಲ. ನಿಮ್ಮ ಅಪ್ಪಾಜಿ ಕೈ ಇಳಿಸಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. "ನಮ್ಮ ಹುಡುಗಿಗೂ ಹಿಂಗ ಆಗಿರಬೇಕು" ಎಂದರು. ಮದುವೆ ಮಾಡಿ ನಿನ್ನನ್ನು ಕಳಿಸಿಕೊಡುವಾಗಲೂ ಅಳದವರು ಅಂದು ಅತ್ತರು.

ನಿನ್ನ ಪ್ರಶ್ನೆಗೆ ಇದೇ ಉತ್ತರ. ನೀನು ಕಲಿತದ್ದು ಸುಳ್ಳಾಗಿಲ್ಲ, ನೀನು ಅಂಜುಬುರುಕಿಯೂ ಅಲ್ಲ. ನಿನ್ನವನು ಎಂದು ನೀನು ನಂಬಿದವನನ್ನು ನಿನ್ನ ಕೈ ವೈರಿ ಎಂದು ಗುರುತಿಸಲಿಲ್ಲ. ಅದರಲ್ಲಿ ನಿನ್ನ ತಪ್ಪು ಏನೂ ಇಲ್ಲ, ನನ್ನ ಮಗಳೇ.

ಅವತ್ತಿನಿಂದ ದಿನಾ ಮುಂಜಾನೆ ಚಹಾ ಆದ ಮೇಲೆ ಅವರು ಕೈ ಎತ್ತಿ ಬರುತ್ತಾರೆ, ನಾನು ನಿಲ್ಲುತ್ತೇನೆ. ಮೊನ್ನೆ ಗುರುವಾರ ನನ್ನ ಕೈ ಎದ್ದಿತು. ಜೋರಾಗಿಯೇ ಎದ್ದಿತು, ಅವರ ಮುಂಗೈ ಬಾತುಕೊಂಡಿದೆ. ಅಂಗಡಿಗೆ ಬೀಜ ಒಯ್ಯಲು ಬಂದವರಿಗೆಲ್ಲ ಅಂಗಿಯ ತೋಳು ಏರಿಸಿ, "ನೋಡ್ರಿ, ಇದು ನಮ್ಮ ಮನಿಯಾಕಿ ತಡದಿದ್ದು" ಎಂದು ತೋರಿಸುತ್ತ ಕೂತಿದ್ದಾರೆ.